ಕಾಲೇಜು ಬ್ಲಾಗು: ಬರೆಯುವವರಿದ್ದಾರೆ, ಓದುವವರು ಯಾರು?

ಗಣೇಶಗುಡಿಯಿಂದ ದಾಂಡೇಲಿಗೆ ಪದವಿ ಓದಲು ಹೋಗುವ ವಿದ್ಯಾರ್ಥಿನಿಯೊಬ್ಬಳು ಆಂತರಿಕ ಅಂಕಗಳಿಗಾಗಿ ಸೂಪಾ ಅಣೆಕಟ್ಟೆಯ ಬಗ್ಗೆ ಪ್ರಬಂಧ ಬರೆಯುತ್ತಾಳೆ ಎಂದಿಟ್ಟುಕೊಳ್ಳಿ. ಕಾಳಿ ನದಿ, 101 ಮೀಟರ್ ಎತ್ತರ, ವಿದ್ಯುತ್ ಉತ್ಪಾದನೆ. ಇಷ್ಟು ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಮುಳುಗಿದ ಸೂಪಾ ಪಟ್ಟಣವನ್ನು ಬಿಟ್ಟು ರಾಮನಗರದ ಪುನರ್ವಸತಿ ನೆಲೆಗೆ ಹೋದ ಹಿರಿಯರ ನೆನಪು ಯಾವ ಗೈಡಿನಲ್ಲೂ ಇಲ್ಲ. ಅದನ್ನು ಕೇಳಿ ಬರೆದರೂ, ಅಂಕ ಬಿದ್ದ ಮೇಲೆ ಆ ಹಾಳೆಗಳು ಸೇರುವುದು ರದ್ದಿಯ ಕಟ್ಟನ್ನೇ.

ವಿದ್ಯಾರ್ಥಿಗಳ ಬರಹ ಬ್ಲಾಗಿನಲ್ಲಿ ಬಹಿರಂಗವಾಗಿ ಇರಲಿ ಎಂಬ ವಾದಕ್ಕೆ ಬಲ ಬರುವುದು ಇಲ್ಲಿ. ಒಬ್ಬ ಮೇಷ್ಟ್ರಿಗಾಗಿ ಬರೆಯುವುದಕ್ಕೂ ಊರಿನವರೂ ಓದಬಹುದೆಂದು ಬರೆಯುವುದಕ್ಕೂ ಅಂತರವಿದೆ. ತಪ್ಪು ಬರೆದರೆ ತಿದ್ದಲು ರಾಮನಗರದಲ್ಲಿಯೇ ಜನರಿದ್ದಾರೆ! ಕನ್ನಡದ ಮಟ್ಟಿಗೆ ತಾಂತ್ರಿಕ ತೊಡಕೂ ಹಿಂದಿನಷ್ಟಿಲ್ಲ. 2005ರಲ್ಲಿ 'ಸಂಪದ' ಆರಂಭವಾದಾಗ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೇ ಒಂದು ಸಾಹಸವಾಗಿತ್ತು. ಈಗ ಆ ಕೆಲಸವನ್ನು ಮೊಬೈಲೇ ಮಾಡುತ್ತದೆ. ಕಾಡಿನ ನಡುವಿನ ಜೋಯಿಡಾ ಹಳ್ಳಿಗಳಲ್ಲಿ ಸಿಗ್ನಲ್ ಸಿಗುವುದೇ ಎಂಬುದು ಬೇರೆ ಮಾತು.

ಹಾಗೆಂದು ಬಹಿರಂಗವಾಗಿ ಬರೆಸಿದ ಮಾತ್ರಕ್ಕೆ ಕಲಿಕೆ ಆಗುತ್ತದೆಯೇ? ಬ್ಲಾಗಿಗೆ ಹತ್ತಿರದ ಎರಡು ಪ್ರಯೋಗಗಳು ನಮ್ಮ ಕಣ್ಣೆದುರಿಗಿವೆ. 2011ರಲ್ಲಿ ಪುಣೆಯ ಕಾಲೇಜುಗಳ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಸುವ ಯೋಜನೆ ಆರಂಭವಾಯಿತು. ಪುಸ್ತಕಗಳಿಂದ, ಜಾಲತಾಣಗಳಿಂದ ನಕಲು ಮಾಡಿದ ಪುಟಗಳೇ ಬಂದು ಬಿದ್ದವು. ಅವನ್ನು ಅಳಿಸುವುದರಲ್ಲಿ ಸ್ವಯಂಸೇವಕ ಸಂಪಾದಕರು ಹೈರಾಣಾದರು, ಯೋಜನೆ ಅದೇ ವರ್ಷ ನಿಂತಿತು. ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದಿತ್ತು, ಬರೆದುದನ್ನು ಓದಿ ತಿದ್ದುವವರ ಸಂಖ್ಯೆ ಚಿಕ್ಕದಿತ್ತು. 2013ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಕಲಿಯುವ ಪದವಿ ವಿದ್ಯಾರ್ಥಿಗಳಿಗೆ ಇಂಥದೇ ಬರವಣಿಗೆಯನ್ನು ಪಾಠದ ಭಾಗವಾಗಿಸಿತು. ಅಲ್ಲಿ ಅಧ್ಯಾಪಕರ ಜೊತೆಗೆ ತರಬೇತಿ ಕೊಡಲು ಹೊರಗಿನ ವಿಕಿಪೀಡಿಯ ಕಾರ್ಯಕರ್ತರೂ ಇದ್ದರು. ವ್ಯತ್ಯಾಸವನ್ನು ಇಲ್ಲಿಯೇ ಹುಡುಕಬೇಕು.

ಈಗಂತೂ ನಕಲಿಗೆ ಪುಸ್ತಕವೂ ಬೇಡ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ 'ಅಣೆಕಟ್ಟೆಗಳ ಲಾಭ ಮತ್ತು ನಷ್ಟ' ಎಂಬ ಪ್ರಬಂಧ ಕ್ಷಣದಲ್ಲಿ ಸಿದ್ಧ. ಆದ್ದರಿಂದ ಪ್ರಶ್ನೆಯೇ ಬದಲಾಗಬೇಕು. ಜೋಯಿಡಾದ ಕುಣಬಿಯರು ಬೆಳೆಯುವ ಗೆಡ್ಡೆಗೆಣಸು, 2007ರಲ್ಲಿ ಘೋಷಣೆಯಾದ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹಳ್ಳಿಗಳ ಬದುಕು, ಇವನ್ನು ಮನೆಬಾಗಿಲಿಗೆ ಹೋಗಿ ಕೇಳಿಯೇ ಬರೆಯಬೇಕು. ಹೇಳಿದವರ ಒಪ್ಪಿಗೆಯನ್ನೂ ಪಡೆಯಬೇಕು. ವಿದ್ಯಾರ್ಥಿನಿಯ ಹೆಸರು, ಚಿತ್ರ ಜಾಲದಲ್ಲಿ ಕಾಣಬೇಕೆಂಬ ಕಡ್ಡಾಯವಂತೂ ಸಲ್ಲದು. ಮನೆಯಲ್ಲಿ ಕೊಂಕಣಿ ಆಡುವವರು ಆ ಮಾತನ್ನೂ ಕನ್ನಡದ ಪಕ್ಕದಲ್ಲಿ ಬರೆದಿಟ್ಟರೆ ಅದಕ್ಕೆ ಅಂಕ ಕಡಿಯಬೇಕಿಲ್ಲ.

ನೀತಿಯ ಕಡೆಯಿಂದ ನೆರವು ಬಂದೀತೆಂದು ಕಾದರೆ ನಿರಾಸೆಯೇ ಹೆಚ್ಚು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ 'ಡಿಜಿಟಲ್ ಫ್ಲೂಯೆನ್ಸಿ' ಎಂಬ ವಿಷಯ ಪದವಿ ತರಗತಿಗೆ ಬಂತು. 2024ರಲ್ಲಿ ರಾಜ್ಯ ಸರ್ಕಾರ ಆ ವ್ಯವಸ್ಥೆಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಈ ಏರುಪೇರಿನಲ್ಲಿ ಚರ್ಚೆಯಾಗದೆ ಉಳಿದದ್ದು ಅಧ್ಯಾಪಕರ ಸಮಯ. 60 ಮಂದಿಯ ತರಗತಿಯಲ್ಲಿ ಒಬ್ಬೊಬ್ಬರು ಸೆಮಿಸ್ಟರಿಗೆ ಐದು ಬರಹ ಬರೆದರೂ ಓದಬೇಕಾದವು 300. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಸಾವಿರಾರು ಅತಿಥಿ ಉಪನ್ಯಾಸಕರ ಬಲದಿಂದ. ಅವರ ಕಾರ್ಯಭಾರವನ್ನು ಎಣಿಸುವುದು ಪಾಠದ ಗಂಟೆಗಳಲ್ಲಿ. ಆ 300 ಬರಹಗಳನ್ನು ಓದುವ ಗಂಟೆಗಳು ಯಾವ ವೇಳಾಪಟ್ಟಿಯಲ್ಲಿ ಸೇರಬೇಕು ಎಂಬುದನ್ನು ವಿಶ್ವವಿದ್ಯಾಲಯಗಳು ಮೊದಲು ಹೇಳಲಿ.