ಆರ್ಕಿಮಿಡೀಸನ ಸಾವು: ಯಾರ ಮಾತು ನಿಜ?

ಆರ್ಕಿಮಿಡೀಸನು ಮರಳಿನಲ್ಲಿ ವೃತ್ತಗಳನ್ನು ಬರೆಯುತ್ತ ಕುಳಿತಿದ್ದನೆಂದೂ, ಅವನ್ನು ಕೆಡಿಸಬೇಡವೆನ್ನುತ್ತಲೇ ರೋಮನ್ ಸೈನಿಕನ ಕತ್ತಿಗೆ ಬಲಿಯಾದನೆಂದೂ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ನಮ್ಮ ಮಕ್ಕಳೂ ಅದನ್ನೇ ಕೇಳಿ ಬಂದು ಹೇಳುತ್ತಾರೆ. ಆದರೆ ಹಳೆಯ ಗ್ರಂಥಗಳನ್ನು ಮುಂದಿಟ್ಟುಕೊಂಡು ನೋಡಿದರೆ ಸಾವು ಒಂದು, ಕಥೆ ಹಲವು.

ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರಕ್ಕೆ ರೋಮನ್ ದಳಪತಿ ಮಾರ್ಸೆಲಸನು ಮುತ್ತಿಗೆ ಹಾಕಿದನು. ಆರ್ಕಿಮಿಡೀಸನ ಯಂತ್ರಗಳು ಅವನನ್ನು ಬಹುಕಾಲ ತಡೆದವು. ಕ್ರಿ. ಪೂ. 212ರಲ್ಲಿ ನಗರ ಬಿತ್ತು. ಲೂಟಿಯ ಗದ್ದಲದಲ್ಲಿ ಗಣಿತಜ್ಞನು ಹತನಾದನು.

ಇದಾಗಿ ಸುಮಾರು 200 ವರ್ಷಗಳ ಮೇಲೆ ಬರೆದ ಇತಿಹಾಸಕಾರ ಲಿವಿ, ಧೂಳಿನಲ್ಲಿ ಬರೆದ ಆಕೃತಿಗಳಲ್ಲಿ ಮಗ್ನನಾಗಿದ್ದವನನ್ನು ಯಾರೆಂದು ತಿಳಿಯದೆ ಸೈನಿಕನೊಬ್ಬನು ಕೊಂದನೆನ್ನುತ್ತಾನೆ. ಅಲ್ಲಿ ಕೊನೆಯ ಮಾತೇ ಇಲ್ಲ. ತುಸು ಈಚಿನ ವಲೇರಿಯಸ್ ಮ್ಯಾಕ್ಸಿಮಸನ ಬರಹದಲ್ಲಿ ಅವನು ಧೂಳನ್ನು ಕೈಯಿಂದ ಕಾಯುತ್ತ ಬೇಡಿಕೊಳ್ಳುತ್ತಾನೆ. ಸುಮಾರು 300 ವರ್ಷಗಳ ತರುವಾಯ ಬರೆದ ಪ್ಲೂಟಾರ್ಕನಂತೂ ಮೂರು ಬಗೆ ಹೇಳುತ್ತಾನೆ. ದಳಪತಿಯ ಬಳಿಗೆ ಬಾ ಎಂದಾಗ, ಲೆಕ್ಕ ಮುಗಿಯದೆ ಬಾರೆನೆಂದನೆಂಬುದು ಒಂದು. ಕೊಲ್ಲಲೆಂದೇ ಬಂದವನೊಡನೆ, ಲೆಕ್ಕ ಮುಗಿಯುವವರೆಗೆ ತಾಳು ಎಂದು ಬೇಡಿದನೆಂಬುದು ಇನ್ನೊಂದು. ನೆರಳುಗಡಿಯಾರ, ಗೋಳ ಮೊದಲಾದ ಉಪಕರಣಗಳನ್ನು ಮಾರ್ಸೆಲಸನಿಗೆ ಒಯ್ಯುತ್ತಿದ್ದಾಗ, ಚಿನ್ನವಿರಬೇಕೆಂದು ಸೈನಿಕರು ಕೊಂದರೆಂಬುದು ಮೂರನೆಯದು.

ಲಿವಿಯೂ ಪ್ಲೂಟಾರ್ಕನೂ ಒಂದು ವಿಷಯದಲ್ಲಿ ಮಾತ್ರ ಒಂದಾಗುತ್ತಾರೆ: ಮಾರ್ಸೆಲಸನು ದುಃಖಪಟ್ಟನು, ಸತ್ತವನ ಬಂಧುಗಳನ್ನು ಗೌರವಿಸಿದನು. ಇಲ್ಲಿ ನಾವು ತುಸು ನಿಲ್ಲಬೇಕು. ಈ ಬರಹಗಾರರೆಲ್ಲ ರೋಮಿನ ಆಳ್ವಿಕೆಯ ಕಾಲದವರು. ಸೋತ ಮನೆಯವರ ಮಾತು ನಮ್ಮವರೆಗೆ ಬಂದಿಲ್ಲ. ದಳಪತಿಯ ದುಃಖ ನಿಜವೇ ಇದ್ದೀತು. ಆದರೆ ನಗರವನ್ನು ಲೂಟಿಗೆ ಬಿಟ್ಟವನೂ ಅವನೇ.

ಕ್ರಿ. ಪೂ. 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ಸಿಸೆರೋ ಆ ಸಮಾಧಿಯನ್ನು ಮುಳ್ಳುಪೊದೆಗಳ ನಡುವೆ ಹುಡುಕಿ ತೆಗೆದನು. ಊರವರೇ ಅದನ್ನು ಮರೆತಿದ್ದರು! ಗುರುತು ಹತ್ತಿದ್ದು ಕಂಬದ ಮೇಲಿದ್ದ ಗೋಳ ಮತ್ತು ಸಿಲಿಂಡರಿನ ಆಕೃತಿಯಿಂದ. ಚೆಂಡೊಂದು ಸುತ್ತಲೂ, ಮೇಲೂ ಕೆಳಗೂ ತಾಗುವಂತೆ ಸರಿಯಾಗಿ ಹಿಡಿಸುವ ಡಬ್ಬಿಯಲ್ಲಿ, ಮೂರರಲ್ಲಿ ಎರಡು ಪಾಲು ಜಾಗ ಚೆಂಡಿನದು. ಇದನ್ನು ಸಾಧಿಸಿ ತೋರಿಸಿದವನು ಅವನೇ.

ಮಕ್ಕಳು ವೃತ್ತಗಳ ಕಥೆ ಹೇಳಿದಾಗ ಸಂತೋಷದಿಂದ ಕೇಳೋಣ. ಆಮೇಲೆ, ಇದನ್ನು ಮೊದಲು ಹೇಳಿದವರು ಯಾರು, ಎಷ್ಟು ವರ್ಷಗಳ ಮೇಲೆ ಎಂದು ವಿಚಾರಿಸುವುದನ್ನೂ ಕಲಿಸೋಣ. ಚೆಂಡು-ಡಬ್ಬಿಯ ಲೆಕ್ಕಕ್ಕಾದರೋ ಯಾವ ಸಾಕ್ಷಿಯೂ ಬೇಡ. ನೀರು ತುಂಬಿ ಮನೆಯಲ್ಲೇ ಅಳೆದು ನೋಡಬಹುದು.