ಡಿಜೆ ನಿಲ್ಲಿಸಿದರೆ ಸಾಲದು, ಹುಡುಗರ ಕೈಗೆ ದಫ್ ಕೊಡಬೇಕು

ರಬೀಉಲ್ ಅವ್ವಲ್ ಹತ್ತಿರವಾದಾಗ ಮೀಲಾದ್ ಮೆರವಣಿಗೆಗೆ ಡಿಜೆ ಬೇಕೋ ಬೇಡವೋ ಎಂಬ ಚರ್ಚೆ ಶುರುವಾಗುತ್ತದೆ. ತಿಂಗಳು ಮುಗಿದರೆ ಎಲ್ಲರೂ ಮರೆಯುತ್ತೇವೆ. ಈ ಸಲ ಬೆಳಗಾವಿ ಜಿಲ್ಲೆಯ ಗಡಿ ತಾಲೂಕುಗಳ ಕಡೆ ಸ್ವಲ್ಪ ನೋಡೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ನಮಗೆ ದೂರ. ಅಲ್ಲಿನ ಮುಸ್ಲಿಮರ ಮನೆಮಾತು ದಖನಿ, ಸಂತೆಯಲ್ಲಿ ಕನ್ನಡ, ಮರಾಠಿ. ಆದರೆ ಮೆರವಣಿಗೆಯ ಪ್ರಶ್ನೆ ಮಾತ್ರ ಅಲ್ಲಿಯೂ ಇಲ್ಲಿಯೂ ಒಂದೇ.

ಆ ಸೀಮೆಯಲ್ಲಿ ನಡೆಯುತ್ತಲೇ ನುಡಿಸುವ ವಾದ್ಯಗಳಿಗೆ ಬರವಿಲ್ಲ. ಹಲಗಿ, ತಾಶಾ, ಕರಡಿ ಮಜಲು, ಲೇಜಿಮ್. ಇದರಲ್ಲಿ ಲೇಜಿಮ್ ಎಂಬ ಹೆಸರು ಪಾರಸಿಯಿಂದ ಬಂದದ್ದು. ಬಿಲ್ಲಿಗೆ ಹುರಿಯ ಬದಲು ಕಬ್ಬಿಣದ ಸರಪಳಿ ಕಟ್ಟಿ ಮೈ ಹುರಿಗೊಳಿಸುತ್ತಿದ್ದ ಸಾಧನ ಅದು. ಗರಡಿಯಿಂದ ಶಾಲೆಯ ಮೈದಾನಕ್ಕೆ ಬಂತು, ಅಲ್ಲಿಂದ ಮೆರವಣಿಗೆಗೆ. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲೂ ಲೇಜಿಮ್ ತಂಡ ಕುಣಿದಿತ್ತು. ಅದರಲ್ಲಿ ಹೆಚ್ಚಿನವರು ಅಥಣಿ, ಕಾಗವಾಡಕ್ಕೆ ನೆರೆಯ ಸಾಂಗ್ಲಿಯವರು. ತಾಶಾ ಎಂಬುದೂ ಪಾರಸಿಯ ಹಾದಿಯಲ್ಲಿ ಬಂದ ಹೆಸರೇ.

ಮದುವೆಗೆ ಬರುವ ಬ್ಯಾಂಡ್ ಸೆಟ್ಟನ್ನು ನಾವು ಬ್ರಿಟಿಷರದ್ದು ಅಂದುಕೊಂಡಿದ್ದೇವೆ. ಆದರೆ ಉಸ್ಮಾನಿ ತುರ್ಕರ ಸೈನ್ಯದಲ್ಲಿ 'ಮೆಹ್ತರ್' ಎಂಬ ವಾದ್ಯ ತಂಡ ಇತ್ತು. ದೊಡ್ಡ ಡೋಲು, ಕಂಚಿನ ತಾಳಗಳನ್ನು ಯುರೋಪಿನ ಸೈನ್ಯಗಳು ಆ ತಂಡದಿಂದಲೇ ಕಲಿತವು. ಬ್ರಿಟಿಷರು ಅದನ್ನು ಇಲ್ಲಿನ ದಂಡು ಪ್ರದೇಶಗಳಿಗೆ ತಂದರು, ಅಲ್ಲಿಂದ ಅದು ಪೇಟೆಗೆ ಇಳಿಯಿತು. ಇದು ಅವರದ್ದು, ಅದು ಇವರದ್ದು ಎಂದು ಗೆರೆ ಎಳೆಯುವುದು ಕಷ್ಟ. ಆ ಸೀಮೆಯ ಮೊಹರಂನಲ್ಲಿ ಹಲಗಿ ಬಾರಿಸುವ ಕೈಗಳೇ ಊರ ಜಾತ್ರೆಯಲ್ಲೂ ಬಾರಿಸುತ್ತವೆ.

ನಮ್ಮ ದಫ್‌ನ ಕಥೆ ಇನ್ನೂ ಹಳೆಯದು. ಪ್ರವಾದಿಯವರ ಕಾಲದ ಮದೀನಾದಲ್ಲಿ ಮದುವೆಗೆ, ಹಬ್ಬಕ್ಕೆ ದಫ್ ಬಾರಿಸಿದ್ದನ್ನು ಹದೀಸ್‌ಗಳಲ್ಲಿ ಓದುತ್ತೇವೆ. ಬೇರೆ ವಾದ್ಯಗಳ ಬಗ್ಗೆ ಉಲಮಾಗಳಲ್ಲಿ ಅಭಿಪ್ರಾಯ ಭೇದ ಇರಬಹುದು, ದಫ್‌ಗೆ ಆ ತೊಡಕು ಕಡಿಮೆ. ಕರಾವಳಿಯಲ್ಲಿ ರಾತೀಬ್‌ನ ಮಜ್ಲಿಸ್‌ನಿಂದ ಅದು ಮದ್ರಸದ ಅಂಗಳಕ್ಕೆ ಬಂತು. ಬಿಳಿ ಉಡುಪಿನ ದಫ್ ತಂಡ, ಅದರ ಹಿಂದೆ ಹೆಜ್ಜೆ ಹಾಕುವ ಸ್ಕೌಟ್ ಮಕ್ಕಳು: ನಮ್ಮ ಮೀಲಾದ್ ರ‍್ಯಾಲಿಯ ಅಂದ ಇದೇ.

ಈಗ ಗಡಿ ಕಡೆಯ ಸುದ್ದಿಗೆ ಬರೋಣ. 2023ರ ಸೆಪ್ಟೆಂಬರ್ 28ರಂದು ಮೀಲಾದ್ ಮತ್ತು ಗಣೇಶ ವಿಸರ್ಜನೆ ಒಂದೇ ದಿನ ಬಂದವು. ಬೆಳಗಾವಿಯ ಮುಸ್ಲಿಂ ಹಿರಿಯರು ತಮ್ಮ ಮೆರವಣಿಗೆಯನ್ನು ಅಕ್ಟೋಬರ್ 1ಕ್ಕೆ ಮುಂದೂಡಿದರು. 2024ರಲ್ಲೂ ಹಬ್ಬಗಳು ಹತ್ತಿರ ಬಂದಾಗ ಹಾಗೆಯೇ ಮಾಡಿದರು. ಯಾರೂ ಹೇಳಿಸಿಕೊಳ್ಳದೆ ತೋರಿದ ದೊಡ್ಡತನ ಇದು. ದಿನಾಂಕದ ಸಮಸ್ಯೆ ಹೀಗೆ ಬಗೆಹರಿಯಿತು. ಆದರೆ ಸದ್ದಿನ ಸಮಸ್ಯೆ?

ನಿಪ್ಪಾಣಿಯ ಆಚೆಗೆ ಮಹಾರಾಷ್ಟ್ರ. ಅಲ್ಲಿನ ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ, ಮೀಲಾದ್ ಮೆರವಣಿಗೆಯ ಡಿಜೆ ವಿರುದ್ಧದ ಅರ್ಜಿಯ ವಿಚಾರಣೆಯಲ್ಲಿ, ಗಣೇಶೋತ್ಸವದಲ್ಲಿ ಹಾನಿಕರವಾದ ಸದ್ದು ಈದ್‌ನಲ್ಲೂ ಹಾನಿಕರವೇ ಎಂಬರ್ಥದ ಮಾತು ಹೇಳಿತು. ಇದರಲ್ಲಿ ನಾವು ಬೇಸರ ಪಡುವಂಥದ್ದು ಏನೂ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಕಾನೂನು ಎಲ್ಲರಿಗೂ ಒಂದೇ. ಹೃದಯ ರೋಗಿಯ ಎದೆಗೂ, ತೊಟ್ಟಿಲ ಮಗುವಿನ ಕಿವಿಗೂ ಯಾವ ಧರ್ಮದ ಡಿಜೆ ಎಂದು ಗೊತ್ತಾಗುವುದಿಲ್ಲ.

ಆದರೆ ಬರೀ ನಿಷೇಧದಿಂದ ಕೆಲಸ ಆಗದು, ಇದು ನಮ್ಮ ಅನುಭವ. ಒಮ್ಮೆ ನಮ್ಮದೇ ಮೆರವಣಿಗೆಯಲ್ಲಿ ದಫ್ ತಂಡದ ಹಿಂದೆ ಸ್ಪೀಕರ್ ತುಂಬಿದ ಪಿಕಪ್ ಬಂತು. ಎರಡು ತಿಂಗಳು ಅಸರ್ ನಮಾಝಿನ ನಂತರ ಕಲಿತ ಮಕ್ಕಳ ಬೈತ್ ಅವರ ಕಿವಿಗೇ ಕೇಳಿಸಲಿಲ್ಲ. ಮರುವರ್ಷ ಕಲಿಯಲು ಬಂದವರು ಅರ್ಧದಷ್ಟೇ. ತಪ್ಪು ಹುಡುಗರದ್ದಲ್ಲ. ಬಾಡಿಗೆ ಕೊಟ್ಟವರು ದೊಡ್ಡವರು, ನೋಡಿ ಸುಮ್ಮನಿದ್ದವರು ನಾವು.

ವ್ಯತ್ಯಾಸ ಇಲ್ಲಿದೆ. ಡಿಜೆಗೆ ದುಡ್ಡು ಸಾಕು, ಅಭ್ಯಾಸ ಬೇಡ. ತಂಡಕ್ಕೆ ಅಭ್ಯಾಸ ಬೇಕು, ಸಮಯಕ್ಕೆ ಬರಬೇಕು, ಪಕ್ಕದವನ ತಾಳ ಕೇಳಬೇಕು, ಮುಂದಿನವನು ನಿಂತರೆ ನಿಲ್ಲಬೇಕು. ಹತ್ತನೇ ತರಗತಿ ಮುಗಿಸಿ ಮದ್ರಸ ಬಿಡುವ ಹುಡುಗನನ್ನು ಜಮಾಅತ್ ಜೊತೆ ಹಿಡಿದಿಡುವ ದಾರಿಗಳು ಎಷ್ಟಿವೆ? ದಫ್ ತಂಡ ಅದರಲ್ಲಿ ಒಂದು. ಗಡಿ ತಾಲೂಕುಗಳಲ್ಲಿ ಇನ್ನೊಂದು ನಷ್ಟವೂ ಇದೆ. ಹಲಗಿ, ಶಹನಾಯಿಯನ್ನೇ ನಂಬಿದ ಬಡ ಕುಟುಂಬಗಳ ಹಬ್ಬದ ಸಂಪಾದನೆಯನ್ನು ಸ್ಪೀಕರ್ ಬಾಡಿಗೆ ನುಂಗುತ್ತದೆ.

ಜಮಾಅತ್‌ಗಳಲ್ಲಿ ನಮ್ಮ ವಿನಂತಿ ಇಷ್ಟೆ. ಡಿಜೆ ಇಲ್ಲ ಎಂಬ ತೀರ್ಮಾನವನ್ನು ಹಬ್ಬದ ಹಿಂದಿನ ದಿನವಲ್ಲ, ಮೂರು ತಿಂಗಳು ಮೊದಲೇ ಬರೆದಿಡಿ. ಉಳಿದ ಹಣದಲ್ಲಿ ದಫ್ ಕೊಳ್ಳಿ, ಕಲಿಸುವವರಿಗೆ ಸಂಭಾವನೆ ಕೊಡಿ. ಹಳೇ ತಂಡದಲ್ಲಿದ್ದು ಈಗ ಗಲ್ಫ್‌ನಲ್ಲಿರುವವರು ರಜೆಗೆ ಬಂದಾಗ ಒಂದು ಸಂಜೆ ಮಕ್ಕಳ ಜೊತೆ ಕೂರಲಿ. ಪೇಟೆಯಲ್ಲಿ ಎದುರಾಗುವ ಅಂಗಡಿಯವರು ಯಾವ ಧರ್ಮದವರಾದರೂ ಸರಿ, ಬಾಗಿಲು ಹಾಕದೆ ಹೊರಗೆ ಬಂದು ನಿಂತು ನೋಡುವಂತಿರಲಿ ನಮ್ಮ ರ‍್ಯಾಲಿ.