ಕಾಲಿಗೆ ಮೂವತ್ತು, ಮೈಗೆ ಹತ್ತು

"ಕಾಲಿಗೆ ಮೂವತ್ತು ಕೊಟ್ಟವ್ರೆ, ಮೈಗೆ ಹತ್ತು ಬರ್ತದೆ ಕಣಣ್ಣ. ಇನ್ನೊಂದ್ಸಲ ಬೋರ್ಡಿಗೆ ಕಳಿಸಿ ಅಂತ ಅರ್ಜಿ ಹಾಕಿದ್ವಿ, ಸಾಹೇಬ್ರು ವಜಾ ಮಾಡಿದ್ರು."

ಚಳ್ಳಕೆರೆಯ ಕೋರ್ಟ್ ಆವರಣದಲ್ಲಿ ಕಿರಿಯ ವಕೀಲರೊಬ್ಬರು ಮೊಳಕಾಲ್ಮೂರು ಕಡೆಯ ನೇಕಾರರೊಬ್ಬರಿಗೆ ಹೇಳುತ್ತಿದ್ದ ಈ ಮಾತು ನನ್ನನ್ನು ಕೊರೆಯುತ್ತಲೇ ಇದೆ. "ಮೈಗೆ ಹತ್ತು ಅಂದ್ರೇನು ಸ್ವಾಮಿ?" ಎಂದು ಆತ ಕೇಳಿದರು. ಉತ್ತರ ಬರುವುದರೊಳಗೆ ಕೇಸು ಕೂಗಿದರು.

ವೈದ್ಯರು ಒಂದು ಕಾಲಿನ ಊನ ಇಷ್ಟು ಎಂದು ಬರೆದರೆ ಅದನ್ನು ಮೂರರಿಂದ ಭಾಗಿಸಿ ಇಡೀ ದೇಹದ ಊನ ಎನ್ನುವುದು ನಮ್ಮ ವಾಹನ ಅಪಘಾತದ ಕ್ಲೇಮು ಕೇಸುಗಳಲ್ಲಿ ಬೇರೂರಿದ ರೂಢಿ. ಮೋಟಾರು ವಾಹನ ಕಾಯ್ದೆಯಲ್ಲಿ ಈ ಮೂರು ಎಲ್ಲೂ ಇಲ್ಲ. ನನಗೆ ಸಿಟ್ಟು ಬರುವುದೇ ಇಲ್ಲಿ. ಆ ನೇಕಾರರು ತಿಂಗಳಿಗೆ 12,000 ದುಡಿಯುವ 38ರ ವಯಸ್ಸಿನವರೆಂದು ಲೆಕ್ಕಕ್ಕೆ ಹಿಡಿಯೋಣ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ ವರ್ಷದ ದುಡಿಮೆಗೆ ಗುಣಕ 15. ಶೇ. 10 ಎಂದರೆ ಮುಂದಿನ ದುಡಿಮೆಯ ನಷ್ಟ 2,16,000 ರೂಪಾಯಿ. ಭಾಗಿಸುವ ಬದಲು, ಮಗ್ಗದ ಕೆಲಸದಲ್ಲಿ ದುಡಿಮೆಯೇ ಶೇ. 60 ಹೋಯಿತು ಎಂದು ಹಿಡಿದರೆ 12,96,000. ಒಂದು ಭಾಗಾಕಾರದ ಮೇಲೆ ಸಂಸಾರ ನಿಂತಿದೆ.

ಅಂಗಕ್ಕೆ ಬೆಲೆ ಕಟ್ಟುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ.  ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಹಲ್ಲೆಗೆ ಸಂಬಂಧಿಸಿದ ದಂಡಪಾರುಷ್ಯ ಪ್ರಕರಣದಲ್ಲಿ ಕೈ ಕಾಲು ಹಲ್ಲು ಮುರಿದವನ, ಕಿವಿ ಮೂಗು ಕೊಯ್ದವನ ದಂಡವನ್ನು ವಿವರಿಸುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸುವುದು ಅಲ್ಲಿನ ಇನ್ನೊಂದು ವಿಧಿ: ನೋವುಂಟು ಮಾಡಿದವನು ದಂಡ ತೆತ್ತರೆ ಸಾಲದು, ಗಾಯಾಳು ಗುಣವಾಗಿ ಏಳುವವರೆಗಿನ ಖರ್ಚನ್ನೂ ಕೊಡಬೇಕು. ದಂಡ ಅರಸನಿಗೆ, ಖರ್ಚು ಗಾಯಾಳುವಿಗೆ. ಇವೆರಡನ್ನೂ ಬೇರ್ಪಡಿಸಿದ್ದು ದೊಡ್ಡ ಸಂಗತಿ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಗೆ ಬಂದರೆ ಮತ್ತೆ ಅಂಗದ ಪಟ್ಟಿ: ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ 14, ನಡುಬೆರಳಿಗೆ 12. ಆ ಪಟ್ಟಿಯಿಂದಾಚೆ ಕಣ್ಣು ಹಾಯಿಸಿದ್ದು 1975ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಬ್ಬ ಬಡಗಿಯ ಪ್ರಕರಣ. ಎಡಗೈ ಮೊಣಕೈ ಮೇಲಕ್ಕೆ ಹೋಗಿತ್ತು. ಒಂದೇ ಕೈಯಲ್ಲಿ ಬಡಗಿತನ ಆಗದು, ಆದ್ದರಿಂದ ನಷ್ಟ ಪೂರ್ತಿ ನೂರು ಎಂಬುದನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಈಗ ವೈದ್ಯಕೀಯ ಮಂಡಳಿಯ ಮರುತಪಾಸಣೆ ಕೋರಿ ಹಾಕಿ ವಜಾ ಆದ ಆ ನೇಕಾರರ ಅರ್ಜಿಗೆ ಬರೋಣ. ಮರುತಪಾಸಣೆ ಬೇಡುವವರು ಗಾಯಾಳುಗಳಷ್ಟೇ ಅಲ್ಲ, ಎಷ್ಟೋ ಸಲ ವಿಮಾ ಕಂಪನಿಗಳೂ ಹೌದು. ನಿರಾಕರಿಸಿದರೆ ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಆದರೆ ಅದು ಮೇಲ್ವಿಚಾರಣೆಯ ಅಧಿಕಾರ. ಅಲ್ಲಿ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಅಂತಿಮ ತೀರ್ಪಿನ ಮೇಲೆ ಮೋಟಾರು ವಾಹನ ಕಾಯ್ದೆಯ 173ನೇ ಕಲಮಿನ ಮೇಲ್ಮನವಿಯಲ್ಲಿ ಆ ಅವಕಾಶ ಹೆಚ್ಚು. 

ಮರುತಪಾಸಣೆ ಸಿಗಬೇಕಿತ್ತೇ ಎಂದು ಯೋಚಿಸುತ್ತ ಸುಪ್ರೀಂ ಕೋರ್ಟಿನ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪನ್ನು ಮತ್ತೆ ಓದಿದೆ. 2010ರ ಅಕ್ಟೋಬರಿನಲ್ಲಿ ಅದನ್ನು ಬರೆದವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಅನುಮಾನ ಬಂದರೆ ಗಾಯಾಳುವನ್ನು ವೈದ್ಯಕೀಯ ಮಂಡಳಿಗೆ ಕಳಿಸಿ ಎನ್ನುತ್ತದೆ ತೀರ್ಪು. ಅದಕ್ಕಿಂತ ಮುಖ್ಯವಾದ ಮಾತು ಬೇರೆ: ವೈದ್ಯರು ಹೇಳಬೇಕಾದ್ದು ಅಂಗದ ಊನವನ್ನು ಮಾತ್ರ, ಅದರಿಂದ ದುಡಿಮೆ ಎಷ್ಟು ಹೋಯಿತು ಎಂದು ಅಳೆಯಬೇಕಾದ್ದು ನ್ಯಾಯಮಂಡಳಿ. ಹಾಗಿದ್ದರೆ ಇನ್ನೊಂದು ಬೋರ್ಡು ಬಂದು ಮೂವತ್ತನ್ನು ಮೂವತ್ತೈದು ಮಾಡಿದ್ದರೂ ಆ ನೇಕಾರರಿಗೆ ಏನು ಸಿಗುತ್ತಿತ್ತು? ಕೇಳಬೇಕಾಗಿದ್ದ ಪ್ರಶ್ನೆಯನ್ನು ಯಾರೂ ಕೇಳಿರಲೇ ಇಲ್ಲ.

ಗುಂಡಿ ಮಗ್ಗ ನೋಡಿದವರಿಗೆ ಆ ಪ್ರಶ್ನೆ ತಾನಾಗಿ ಹೊಳೆಯುತ್ತದೆ. ನೇಕಾರ ಅಂಚಿನಲ್ಲಿ ಕೂತು ಎರಡೂ ಕಾಲನ್ನು ಗುಂಡಿಗೆ ಇಳಿಬಿಡುತ್ತಾನೆ. ಮೆಟ್ಟುವ ಹಲಗೆಯನ್ನು ಬಲಗಾಲು ಒತ್ತಿದಾಗ ಹಾಸು ಬಾಯಿ ಬಿಡುತ್ತದೆ, ಲಾಳಿ ಹಾಯುತ್ತದೆ. ಎಡಗಾಲು ಒತ್ತಿದಾಗ ಮತ್ತೆ. ಮಂಡಿ ಮಡಚದಿದ್ದರೆ ಗುಂಡಿಗೆ ಇಳಿಯಲಾಗದು. ಪಾದ ಒಂದೇ ಹದದಲ್ಲಿ ಒತ್ತದಿದ್ದರೆ ರೇಷ್ಮೆ ಎಳೆ ಕಡಿಯುತ್ತದೆ, ಸೀರೆಯ ಮೈ ಒಂದೇ ಸಮ ಬರುವುದಿಲ್ಲ. ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ಸೀರೆ ನೇಯುವ ಕಾಲು ಮೇಜಿನ ಮುಂದೆ ಕೂತು ಬರೆಯುವ ನನ್ನ ಕಾಲಲ್ಲ. ಎರಡಕ್ಕೂ ಒಂದೇ ಹತ್ತು ಹಾಕುವುದು ಅನ್ಯಾಯ. ಚಳ್ಳಕೆರೆಯ ಕಂಬಳಿ ನೇಕಾರರಿಗೂ ಇದೇ ಮಾತು.

ಮೋಟಾರು ವಾಹನ ಕಾಯ್ದೆಯ 169ನೇ ಕಲಮಿನ ಮೂರನೆಯ ಉಪಕಲಮು ನ್ಯಾಯಮಂಡಳಿಗೆ ಒಂದು ಅಧಿಕಾರ ಕೊಟ್ಟಿದೆ: ವಿಚಾರಣೆಗೆ ಬೇಕಾದ ವಿಷಯದಲ್ಲಿ ವಿಶೇಷ ತಿಳಿವಳಿಕೆ ಇರುವವರನ್ನು ನೆರವಿಗೆ ಕರೆಯಬಹುದು. ಅವರು ವೈದ್ಯರೇ ಆಗಿರಬೇಕೆಂದು ಅಲ್ಲಿ ಬರೆದಿಲ್ಲ. ಎರಡೂ ತಾಲ್ಲೂಕುಗಳ ವಕೀಲರು ಬೋರ್ಡಿಗಾಗಿ ಹಾಕುವ ಅರ್ಜಿಯ ಜತೆಗೆ ಇಂಥ ನೆರವು ಕೋರುವ ಅರ್ಜಿಯನ್ನೂ ಹಾಕಲಿ. ಅರವತ್ತು ದಾಟಿದ ಹಿರಿಯ ನೇಕಾರರೊಬ್ಬರನ್ನು ಕರೆಸಿ, ಈ ಮಂಡಿಯಲ್ಲಿ ದಿನಕ್ಕೆ ಎಷ್ಟು ಮೊಳ ನೇಯಬಹುದು ಎಂದು ಕೇಳಲಿ.